ನ್ಯೂರೆಂಬರ್ಗಿನ ಬಾವಿಗೆ ಇನ್ನು ಹೋಗಬೇಡ

ಪ್ಲೇನ್‌ಫೀಲ್ಡ್
18 ಮೇ 2025

ಲೋ ಅನುಜಾ,

ನಿನ್ನ ಕೈಗೇನು ಚೇಳು ಕಡಿದಿದೆಯಾ, ಇಲ್ಲ ಆ ದೇಶದಲ್ಲಿ ಅಕ್ಷರಕ್ಕೆ ಇಷ್ಟು ಅಂತ ತೆರಿಗೆ ಹಾಕ್ತಾರಾ? ಏಪ್ರಿಲಲ್ಲಿ ಹೋದೋನು ಇಲ್ಲೀವರೆಗೆ ಮೂರು ಕಾರ್ಡು ಹಾಕಿದೀಯ. ಮೂರರಲ್ಲೂ ಕಲ್ಲು. ಒಂದರಲ್ಲಿ ಕೋಟೆ, ಒಂದರಲ್ಲಿ ಚರ್ಚು, ಒಂದರಲ್ಲಿ ಗೋಪುರದ ಹಾಗೆ ಮೊನಚಾಗಿರೋ ಕಾರಂಜಿ. ತಿರುಗಿಸಿ ನೋಡಿದ್ರೆ, ‘ಅಜ್ಜಿ, ಕೋಟೆ ನೋಡಿದೆ. ಚಳಿ ಇದೆ. ಅನುಜ್.’ ಇಷ್ಟು ಬರೆಯೋಕಾ ನಾನು ಈ ಅಮೆರಿಕದ ಅಡುಗೆಮನೆ ನೆಲದ ಮೇಲೆ ರಾಗಿ ಹಿಟ್ಟು ಹರಡಿ, ನಿಮ್ಮಿಬ್ಬರ ಬೆರಳು ಹಿಡಿದು ಅ ಆ ತಿದ್ದಿಸಿದ್ದು? ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಎಮ್ಮೆ ಹಿಂದೆ ಹೋದೋಳು. ನೀನು ಇಂಜಿನಿಯರು. ನಾಚಿಕೆ ಆಗಲ್ವೇನೋ?

ಕಾರ್ಡಲ್ಲಿ ನಿನ್ನ ಮುಖ ಇಲ್ಲ. ಫೋನು ಎತ್ತಲ್ಲ. ನಿಮ್ಮಪ್ಪ ಎರಡು ಸಲ ‘ಬಂದು ನೋಡ್ಕೊಂಡು ಹೋಗ್ತೀನಿ’ ಅಂದಿದ್ದಕ್ಕೆ ‘ಬಂದ್ರೆ ಇಲ್ಲಿಂದಾನೂ ಹೋಗಿಬಿಡ್ತೀನಿ’ ಅಂತ ಒಂದು ಸಾಲು ಮೆಸೇಜು ಹಾಕಿದೆ. ಅವತ್ತಿಂದ ನನ್ನ ಮಗ ಜಯಸಿಂಹ ಬಾಯಿ ಮುಚ್ಕೊಂಡು ಹುಲ್ಲು ಕತ್ತರಿಸ್ತಿದಾನೆ. ಕತ್ತರಿಸಿದ್ದನ್ನೇ ಕತ್ತರಿಸ್ತಾನೆ. ಪಕ್ಕದ ಮನೆ ಬಿಳಿಯಪ್ಪ ನನ್ನ ನೋಡಿ ಕೈ ಬೀಸ್ತಾನೆ, ಪಾಪ ಅನ್ನೋ ಥರ. ನಾನು ಬೀಸಲ್ಲ.

ಮಹಡಿ ಮೇಲೆ ದಿಯಾ ರೂಮಿನ ಗೋಡೇಲಿ ನೀನೀಗ ಇರೋ ಊರಿನ ನಕ್ಷೆ ಹಾಗೇ ಇದೆ. ಅವಳ ಓದು ಮುಗಿದ ಮೇಲೆ ಅಣ್ಣ ತಂಗಿ ಇಬ್ಬರೂ ಹೋಗಿ ನೋಡ್ತೀವಿ ಅಂತ, ನೋಡಬೇಕಾದ ಕಡೆಯೆಲ್ಲ ಕೆಂಪು ತಲೆ ಪಿನ್ನು ಚುಚ್ಚಿಟ್ಟಿದ್ದಳಲ್ಲ, ಅದೇ. ಆ ಹುಡುಗಿಗೆ ಹಳೇ ಕಲ್ಲು ಕಂಡ್ರೆ ಪ್ರಾಣ. ನಿನ್ನ ಕಾರ್ಡು ಬಂದಾಗೆಲ್ಲ ನಾನು ಮಂಡಿ ಹಿಡ್ಕೊಂಡು ಮೆಟ್ಟಿಲು ಹತ್ತಿ, ಚಿತ್ರಕ್ಕೆ ಚಿತ್ರ ಹೊಂದಿಸಿ, ಆ ಜಾಗದ ಪಿನ್ನು ಕಿತ್ತು ಡಬ್ಬಿಗೆ ಹಾಕ್ತೀನಿ. ಮೊದಲನೇದು ಕಿತ್ತಾಗ ಖುಷಿ ಆಯ್ತು, ಹುಡುಗ ಊರು ನೋಡ್ತಿದಾನೆ ಅಂತ. ಮೂರನೇದು ಕಿತ್ತ ಮೇಲೆ ಉಳಿದವನ್ನ ಎಣಿಸಿದೆ. ಯಾಕೆ ಅಂತ ಈಗ ಬರೆಯಲ್ಲ.

ಆ ಚರ್ಚಿನ ಗಡಿಯಾರದ ಕೆಳಗೆ ಯಾರೋ ರಾಜ ಕೂತಿದಾನಲ್ಲ, ಮಧ್ಯಾಹ್ನ ಅವನ ಸುತ್ತ ಗೊಂಬೆಗಳು ತಿರುಗ್ತಾವೆ ಅಂತ ದಿಯಾ ಹೇಳಿದ್ದಳು. ಅವು ರಾಜನಿಗೆ ಕೈ ಮುಗೀತಾವಾ, ಇಲ್ಲ ಸುಮ್ನೆ ಮುಖ ತಿರುಗಿಸ್ಕೊಂಡು ಹೋಗ್ತಾವಾ? ನೋಡಿ ಬರಿ. ಮೇಲ್‌ಬಾಕ್ಸಿನ ಕೀಲಿ ನನ್ನ ಸೆರಗಲ್ಲೇ ಇದೆ, ಬೇರೆ ಯಾರಿಗೂ ಕೊಡಲ್ಲ.

ನಿನ್ನ ಅಜ್ಜಿ
ಸಣ್ಣತಾಯಮ್ಮ


ನ್ಯೂರೆಂಬರ್ಗ್
7 ಜೂನ್ 2025

ಅಜ್ಜಿ,

ಗೊಂಬೆ ಏಳು. ಮೂರು ಸುತ್ತು ಬರುತ್ತೆ. ರಾಜನ ಕಡೆ ತಿರುಗುತ್ತೆ, ಆಮೇಲೆ ಒಳಗೆ ಹೋಗುತ್ತೆ. ಬಾಗಿಲು ಮುಚ್ಚುತ್ತೆ.

ಈ ಕಾರ್ಡಲ್ಲಿ ಇರೋದು ಮ್ಯೂಸಿಯಂ ಗೋಳ, ಭೂಮಿಯ ಗ್ಲೋಬ್. ತುಂಬಾ ಹಳೇದು. ಇದನ್ನ ಮಾಡಿದವರಿಗೆ ಅಮೆರಿಕ ಗೊತ್ತಿಲ್ಲ. ಚಿಕಾಗೊ ಇಲ್ಲ, ಡೆಟ್ರಾಯ್ಟ್ ಇಲ್ಲ. ಆ ರೋಡ್ ಇಲ್ಲ. ಬರೀ ಸಮುದ್ರ. ನೋಡೋಕೆ ಚೆನ್ನಾಗಿತ್ತು.

ಅನುಜ್


ಪ್ಲೇನ್‌ಫೀಲ್ಡ್
24 ಜೂನ್ 2025

ಅನುಜಾ,

‘ಚೆನ್ನಾಗಿತ್ತು’ ಅಂದ್ರೆ ಏನೋ? ನಾವ್ಯಾರೂ ಇಲ್ಲದ ಭೂಮಿ ಚೆನ್ನಾಗಿತ್ತಾ? ಆ ಗೋಳ ಮಾಡಿದೋನಿಗೆ ಗೊತ್ತಿರಲಿಲ್ಲ, ಅಷ್ಟೆ. ಅವನಿಗೆ ಗೊತ್ತಿಲ್ಲ ಅಂತ ಈ ಲೇಕ್ ಮಿಶಿಗನ್ ಎದ್ದು ಹೋಗಿತ್ತಾ? ಆಗಲೂ ಇಲ್ಲೇ ಬಿದ್ದಿತ್ತು, ದಡದಲ್ಲಿ ಜನ ಮೀನು ಹಿಡ್ಕೊಂಡು, ಮಕ್ಕಳಿಗೆ ಬಯ್ಕೊಂಡು ಇದ್ದರು. ಬಣ್ಣ ಬಳಿದು ಸಮುದ್ರ ಅಂದ ಮಾತ್ರಕ್ಕೆ ಆಗಿದ್ದು ಆಗಲಿಲ್ಲ ಅಂತ ಆಗಲ್ಲ ಕಣಪ್ಪ. ಅದರಲ್ಲಿ ನಮ್ಮ ಕಡೆ ದೇಶ ಇದೆಯಾ, ಕಾವೇರಿ ಗೀರಿದಾನಾ, ಇನ್ನೊಂದು ಸಲ ಹೋಗಿ ನೋಡು.

ನಿನ್ನ ಕಾರ್ಡನ್ನ ಫ್ರಿಡ್ಜ್ ಮೇಲೆ ಮ್ಯಾಗ್ನೆಟ್ ಇಟ್ಟು ಅಂಟಿಸಿದ್ದೆ, ಗೋಳದ ಚಿತ್ರ ಕಾಣೋ ಹಾಗೆ. ನಿಮ್ಮಮ್ಮ ಕೆಲಸದಿಂದ ಬಂದಳು. ಹಾಲು ತೆಗೆದಳು, ಫ್ರಿಡ್ಜ್ ಮುಚ್ಚಿದಳು.

‘ಅನುಜ್ ಬರೆದಿದಾನೆ’ ಅಂದೆ.

‘ಅತ್ತೆ, ಸಾರಿಗೆ ಉಪ್ಪು ಹಾಕಿದೀರಾ?’

ಅಷ್ಟೇ ಮಾತು. ಆದ್ರೆ ಬೆಳಿಗ್ಗೆ ಎದ್ದು ನೋಡ್ತೀನಿ, ಕಾರ್ಡು ಮಗುಚಿ, ಅಕ್ಷರದ ಕಡೆ ಹೊರಗಿತ್ತು. ನಿಮ್ಮಪ್ಪನಿಗೆ ಕನ್ನಡಕ ಇಲ್ಲದೆ ನಿನ್ನ ಕೋಳಿಕಾಲು ಓದೋಕಾಗಲ್ಲ. ಮತ್ಯಾರು ಓದಿರಬೇಕು, ನೀನೇ ಯೋಚಿಸು.

ಒಂದು ಕೆಲಸ ಹೇಳ್ತೀನಿ. ಆ ಊರಲ್ಲಿ ಯಾರೋ ದೊಡ್ಡ ಚಿತ್ರಗಾರ ಇದ್ದ ಮನೆಯನ್ನ ಹಾಗೇ ಉಳಿಸಿದಾರಂತಲ್ಲ, ಐನೂರು ವರ್ಷದ್ದು. ದಿಯಾ ಪಿನ್ನಿದೆ ಅಲ್ಲಿ. ಚಿತ್ರ ನೋಡಬೇಡ, ಚಿತ್ರ ಎಲ್ಲರೂ ನೋಡ್ತಾರೆ. ಅಡುಗೆಮನೆ ನೋಡು. ಒಲೆ ಎತ್ತರದಲ್ಲಿದೆಯಾ, ನೆಲದಲ್ಲಾ? ಹೊಗೆ ಎಲ್ಲಿಂದ ಹೋಗುತ್ತೆ? ಅವನ ಹೆಂಡ್ತಿ ನಿಂತು ಬೇಯಿಸ್ತಿದ್ದಳಾ, ಕೂತಾ? ನನ್ನ ಸೊಂಟ ಹೋಗಿದ್ದು ನೆಲದ ಒಲೆ ಮುಂದೆ. ಅವಳದ್ದು ಏನಾಯ್ತು ಅಂತ ನನಗೆ ಗೊತ್ತಾಗಬೇಕು.

ನಿನ್ನ ಅಜ್ಜಿ
ಸಣ್ಣತಾಯಮ್ಮ


ನ್ಯೂರೆಂಬರ್ಗ್
19 ಜುಲೈ 2025

ಅಜ್ಜಿ,

ಒಲೆ ಎತ್ತರ ಇದೆ, ಕಲ್ಲಿಂದು. ನಿಂತು ಅಡುಗೆ ಮಾಡ್ತಿದ್ದರು ಅನ್ಸುತ್ತೆ. ಗೋಡೆ ಕಪ್ಪು. ಗೋಳದಲ್ಲಿ ಇಂಡಿಯಾ ಇದೆ, ಆದ್ರೆ ಶೇಪ್ ತಪ್ಪು.

ಕೋರ್ಟ್ ರೂಮ್ ನೋಡಿದೆ. ಯುದ್ಧ ಆದ ಮೇಲೆ ದೊಡ್ಡ ದೊಡ್ಡವರನ್ನ ನಿಲ್ಲಿಸಿ ವಿಚಾರಣೆ ಮಾಡಿದ ಜಾಗ. ಮರದ ಬೆಂಚ್ ಇದೆ. ನಾನು ಕ್ಲೋಸ್ ಮಾಡೋವರೆಗೂ ಕೂತಿದ್ದೆ. ಕೋಟೆ ಒಳಗೆ ತುಂಬಾ ಆಳದ ಬಾವಿ ಇದೆ, ಅಲ್ಲಿಗೂ ಮತ್ತೆ ಹೋದೆ. ಆಳ ತೋರಿಸೋಕೆ ಗೈಡ್ ಜಗ್‌ನಿಂದ ನೀರು ಸುರೀತಾಳೆ. ಎಲ್ಲರೂ ಸುಮ್ಮನೆ ಕಾಯ್ತಾರೆ. ತುಂಬಾ ಹೊತ್ತಾದ ಮೇಲೆ ಸೌಂಡ್ ಬರುತ್ತೆ. ನಾಲ್ಕು ಸಲ ನೋಡಿದೀನಿ. ನನ್ನ ನೋಡಿದ್ರೆ ಅವಳಿಗೆ ಈಗ ಗುರುತು ಸಿಗುತ್ತೆ.

ದಿಯಾ ಪಿನ್ ಇನ್ನು ಎರಡು.

ಅನುಜ್


ಪ್ಲೇನ್‌ಫೀಲ್ಡ್
2 ಆಗಸ್ಟ್ 2025

ಅನುಜಾ,

ನಿನ್ನ ಕಾರ್ಡು ಓದಿ ಮೇಲ್‌ಬಾಕ್ಸಿನ ಹತ್ರಾನೇ ಕೂತುಬಿಟ್ಟೆ. ನಾಯಿ ಹಿಡ್ಕೊಂಡು ಹೋಗ್ತಿದ್ದ ಹೆಂಗಸೊಬ್ಬಳು ಓಡಿ ಬಂದು ‘ಓಕೆ? ಓಕೆ?’ ಅಂದಳು. ‘ನಾಟ್ ಓಕೆ’ ಅಂದೆ. ಬೇರೆ ಇಂಗ್ಲಿಷು ಬಾಯಿಗೆ ಬರಲಿಲ್ಲ.

ನೀನು ಆ ಬಾವಿಗೆ ಇನ್ನು ಹೋಗಬೇಡ.

ನಾನು ಬಾವಿ ನೀರು ಸೇದಿ ಬೆಳೆದೋಳು. ಬಾವಿ ಅಂದ್ರೆ ಏನು ಅಂತ ನನಗೆ ಹೇಳಿಕೊಡಬೇಡ. ಕೊಡ ಇಲ್ಲದೆ ಬಾವಿ ಹತ್ರ ಬರೋರು ಯಾತಕ್ಕೆ ಬರ್ತಾರೆ ಅಂತ ನಮ್ಮೂರಲ್ಲಿ ಹತ್ತು ವರ್ಷದ ಹುಡುಗಿಗೂ ಗೊತ್ತಿತ್ತು. ಯಾರಾದ್ರೂ ಹಾಗೆ ಬರಿಗೈಲಿ ಬಂದು ಕಟ್ಟೆ ಮೇಲೆ ಕೂತು ಒಳಗೆ ನೋಡ್ತಿದ್ರೆ, ‘ಯಾಕಮ್ಮ, ಏನಾಯ್ತು’ ಅಂತ ಯಾರೂ ಕೇಳ್ತಿರಲಿಲ್ಲ. ಸಮಾಧಾನ ಹೇಳ್ತಿರಲಿಲ್ಲ. ಹತ್ರ ಇದ್ದೋಳು ಹೋಗಿ, ‘ಅಕ್ಕ, ನನ್ನ ಕೈ ನೋಯ್ತಿದೆ, ಈ ಹಗ್ಗ ಒಂಚೂರು ಹಿಡ್ಕೊ’ ಅಂತ ಕೈಗೆ ಹಗ್ಗ ಕೊಟ್ಟುಬಿಡೋಳು. ಹಿಡ್ಕೊಂಡ ಮೇಲೆ ಬಿಡೋಕಾಗಲ್ಲ, ಬಿಟ್ರೆ ಇನ್ನೊಬ್ಬರ ಕೊಡ ಹೋಗುತ್ತೆ. ಒಂದು ಕೊಡ ಆದ ಮೇಲೆ ಇನ್ನೊಬ್ಬಳು ‘ನಂದೂ ಒಂದು ಎಳೆದುಕೊಡು’ ಅನ್ನೋಳು. ಹೀಗೇ ಹೊತ್ತು ಮುಳುಗೋವರೆಗೆ ಕೆಲಸ ಹೇಳಿ ಹೇಳಿ, ಆಮೇಲೆ ಮಧ್ಯದಲ್ಲಿ ಹಾಕ್ಕೊಂಡು ಮನೆಗೆ ಕರ್ಕೊಂಡು ಹೋಗೋರು. ಮಾರನೇ ದಿನ ಅವಳು ಬಂದ್ರೆ ಮತ್ತೆ ಅದೇ ಕೆಲಸ. ಕೆಲವರು ಉಳಿದರು. ಎಲ್ಲರೂ ಉಳಿದರು ಅಂತ ನಾನು ಸುಳ್ಳು ಬರೆಯಲ್ಲ.

ಈಗ ಗೊತ್ತಾಯ್ತಾ, ನಿನಗೆ ಗೊಂಬೆ ನೋಡು, ಒಲೆ ನೋಡು ಅಂತ ಯಾಕೆ ಪ್ರಾಣ ತಿಂತಿದೀನಿ ಅಂತ? ನನಗೆ ಆ ಹೆಂಗಸಿನ ಒಲೆ ಕಟ್ಕೊಂಡು ಏನಾಗಬೇಕು!

ಇನ್ನು ಆ ಕೋರ್ಟಿನ ವಿಚಾರ. ಬೆಂಚ್ ಮೇಲೆ ಕೂತಿದ್ದೆಯಲ್ಲ, ಯಾರಾದ್ರೂ ಹೆಸರು ಕೂಗ್ತಾರೆ ಅಂತಲಾ? ಅಲ್ಲಿ ನಿಂತಿದ್ದೋರು ಊರಿಗೆ ಊರೇ ಕೊಂದೋರು. ಅವರ ಸಾಲಲ್ಲಿ ಹೋಗಿ ಕೂರೋಕೆ ನಿನಗೆ ಎಷ್ಟು ಸೊಕ್ಕೋ! ನೀನೂ ದಿಯಾನೂ ಡೆಟ್ರಾಯ್ಟ್ ಮ್ಯೂಸಿಯಂ ನೋಡ್ಕೊಂಡು ಬರ್ತಾ ಕಲಮಜೂ ಹತ್ರ ಹಿಮ ಬಿತ್ತು. ಕಾರು ಜಾರಿತು. ಗಾಡಿ ಓಡಿಸ್ತಿದ್ದೋನು ನೀನೇ. ಅಲ್ಲ ಅಂತ ನಾನು ಹೇಳಲ್ಲ. ಅದಕ್ಕೆ ಮೊದಲು ನೋವೈ ಊರಲ್ಲಿ ಭಾನು ಅತ್ತೆ ‘ರಾತ್ರಿ ಇದ್ದು ಹೋಗ್ರೋ’ ಅಂದಳು, ದಿಯಾನೂ ‘ಇರೋಣ’ ಅಂದಳು, ನೀನು ‘ನಾಳೆ ಆಫೀಸಿದೆ, ಹೋಗೋಣ’ ಅಂದೆ. ಅದೂ ನಿಜ. ಪೊಲೀಸಿನೋರು ನಿನ್ನ ತಪ್ಪಿಲ್ಲ ಅಂತ ಬರೆದುಕೊಟ್ಟರು, ನಿನಗೆ ಸಾಕಾಗಲಿಲ್ಲ. ಆಸ್ಪತ್ರೆಯಲ್ಲಿ ನಿಮ್ಮಮ್ಮ ನಿನ್ನ ಬ್ಯಾಂಡೇಜ್ ನೋಡಿ, ‘ಅವಳನ್ನ ಬಿಟ್ಟು ನೀನೊಬ್ಬನೇ ಹೇಗೆ ಬಂದೆ?’ ಅಂದಳಲ್ಲ, ನೀನು ಆ ಮಾತನ್ನೇ ತೀರ್ಪು ಅಂತ ಹಿಡ್ಕೊಂಡೆ. ಅವಳೂ ಆಮೇಲೆ ವಾಪಸ್ ತಗೊಳ್ಳಲಿಲ್ಲ. ಒಂದು ವರ್ಷ ಒಂದೇ ಮನೆಯಲ್ಲಿ ಎದುರು ಬದುರು ಕೂತು ಉಂಡಿರಿ, ಒಂದು ಮಾತಿಲ್ಲ. ಆಮೇಲೆ ನೀನು ಕಂಪನಿಯೋರನ್ನ ಕೇಳ್ಕೊಂಡು ಅವಳು ಪಿನ್ನು ಚುಚ್ಚಿದ ಊರಿಗೇ ಹೋದೆ. ತಂಗಿ ನೋಡದೇ ಹೋಗಿದ್ದನ್ನೆಲ್ಲ ಒಂದೊಂದಾಗಿ ನೋಡಿ ಮುಗಿಸ್ತಿದೀಯ. ಮುಗಿಸಿ?

ಮುಂದಿನದು ಬರೆಯೋಕೆ ನನ್ನ ಕೈ ಬರಲ್ಲ.

ಇವತ್ತು ನಿಮ್ಮಮ್ಮನ ಬಿಂದಿ ಪ್ಯಾಕೆಟ್ ಕದ್ದು, ದಿಯಾ ನಕ್ಷೆಗೆ ನಾನೂ ಅಂಟಿಸಿದೀನಿ. ಕೆಂಪು, ನೀಲಿ, ಹಸಿರು, ಇದ್ದಬದ್ದದ್ದೆಲ್ಲ. ಇಂಗ್ಲಿಷು ಓದೋಕೆ ಬರಲ್ಲ, ಎಲ್ಲಿ ಏನಿದೆ ನನಗೇನು ಗೊತ್ತು. ಎಲ್ಲಿ ಮನೆ ಚಿತ್ರ ಕಂಡಿತೋ ಅಲ್ಲಿಗೆ ಹಚ್ಚಿದೆ. ನಿಮ್ಮಪ್ಪನ ಕೈಲಿ ಫೋಟೋ ತೆಗೆಸಿ ಈ ಲಕೋಟೇಲಿ ಇಟ್ಟಿದೀನಿ. ಎಲ್ಲಾ ಕಡೆಗೂ ಹೋಗು. ಎರಡು ಉಳಿದಿದೆ ಅಂದೆಯಲ್ಲ, ಈಗ ಎಷ್ಟಾಯ್ತು ಎಣಿಸ್ಕೊ. ಒಂದು ಹೊಳೆ ಮಧ್ಯಕ್ಕೆ ಬಿದ್ದಿದೆ, ಕಿತ್ತರೆ ಕಾಗದ ಹರಿಯುತ್ತೆ ಅಂತ ಬಿಟ್ಟೆ. ಅದೊಂದಕ್ಕೆ ಹೋಗಬೇಡ.

ಹಗ್ಗ ಹಿಡ್ಕೊ.

ಅಜ್ಜಿ


ಪ್ಲೇನ್‌ಫೀಲ್ಡ್
5 ಸೆಪ್ಟೆಂಬರ್ 2025

ಅನುಜಾ,

ಆಗಸ್ಟ್ ಪೂರ್ತಿ ಖಾಲಿ. ಡಬ್ಬಿ ತೆಗೆದ್ರೆ ಕೂಪನ್ನು, ಹಲ್ಲಿನ ಡಾಕ್ಟರ ಜಾಹೀರಾತು, ಯಾರೋ ಛಾವಣಿ ರಿಪೇರಿ ಮಾಡ್ತೀವಿ ಅನ್ನೋರದ್ದು. ನಮ್ಮನೆ ಛಾವಣಿ ಚೆನ್ನಾಗೇ ಇದೆ.

ಜಯಸಿಂಹ ನಿನ್ನ ಆಫೀಸಿಗೆ ಕೇಳಿದ. ಬರ್ತಾನೆ, ಕೆಲಸ ಮಾಡ್ತಾನೆ, ಹೋಗ್ತಾನೆ ಅಂದರಂತೆ. ಮೊಮ್ಮಗ ಇದಾನಾ ಅಂತ ತಿಳ್ಕೊಳ್ಳೋಕೆ ಮುಖ ನೋಡದ ಜನಾನ ಕೇಳೋ ಹಾಗಾಯ್ತು ನನ್ನ ಬಾಳು. ಶನಿವಾರ ಅರೋರಾ ದೇವಸ್ಥಾನಕ್ಕೆ ಕರ್ಕೊಂಡು ಹೋಗಿದ್ದ. ಬಾಲಾಜಿ ಮುಂದೆ ನಿಂತು ಏನೂ ಕೇಳಲಿಲ್ಲ. ಜಗಳ ಆಡೋಕೂ ಮನಸ್ಸು ಬರಲಿಲ್ಲ. ಪುಳಿಯೋಗರೆ ತಿಂದು ಬಂದೆ, ಅದಕ್ಕೂ ರುಚಿ ಇರಲಿಲ್ಲ.

ಬಯ್ದಿದ್ದಕ್ಕೆ ಕೋಪಾನಾ? ಕೋಪ ಮಾಡ್ಕೊ. ಮಾಡ್ಕೊಂಡು ಬರಿ. ‘ಮುದುಕಿ, ಬಾಯಿ ಮುಚ್ಚು’ ಅಂತಲಾದ್ರೂ ಬರಿ.

ಅಜ್ಜಿ


ಪ್ಲೇನ್‌ಫೀಲ್ಡ್
23 ಸೆಪ್ಟೆಂಬರ್ 2025

ಅನುಜಾ,

ನೀನು ಬರೆಯದಿದ್ರೂ ಇದನ್ನ ನಾನು ಬರೆಯಲೇಬೇಕು.

ಭಾನುವಾರ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಟ್ವಿ. ನೀನು ಚಿಕ್ಕೋನಿದ್ದಾಗ ‘ಅಜ್ಜಿ, ತಾತ ಎಲ್ಲಿಂದ ಒಳಗೆ ಬರ್ತಾರೆ, ಚಿಮಣಿಯಿಂದಾನಾ?’ ಅಂತ ಕೇಳ್ತಿದ್ದೆಯಲ್ಲ, ಅದೇ ಹಬ್ಬ. ಹೋದ ಸಲ ದಿಯಾಗೆ ವರ್ಷ ತುಂಬಿರಲಿಲ್ಲ ಅಂತ ಅವಳಿಗೆ ಎಡೆ ಇಟ್ಟಿರಲಿಲ್ಲ. ಈ ಸಲ ಅವಳದ್ದೂ ಎಲೆ. ಮೊಮ್ಮಗಳ ಎಲೆಗೆ ಅಜ್ಜಿ ನೀರು ಚಿಮುಕಿಸೋದು. ಇದಕ್ಕಿಂತ ಕೆಟ್ಟ ಕೆಲಸ ನನ್ನ ಕೈ ಮಾಡಿಲ್ಲ.

ಭಾನು ಮಟನ್ ಸಾರು ಮಾಡ್ಕೊಂಡು, ಬೆಳಗಾಗೋದ್ರೊಳಗೆ ನೋವೈಯಿಂದ ಹೊರಟು ಬಂದಳು. ನಿಮ್ಮ ತಾತ ರಾಚಯ್ಯನೋರ ಎಲೆಗೆ ಸಾರು, ಮುದ್ದೆ, ಎಲೆ ಅಡಿಕೆ, ಒಂದು ಕಟ್ಟು ಬೀಡಿ. ಬೀಡಿ ಎಲ್ಲಿ ಸಿಕ್ಕಿತು ಅಂದ್ರೆ ಭಾನು ಹೇಳಲ್ಲ. ದಿಯಾ ಎಲೆಗೆ ನಿಮ್ಮಮ್ಮನೇ ಬಡಿಸಿದಳು. ಪೆಪ್ಪರ್ ಹಾಕಿದ ಪಿಜ್ಜಾ, ಆ ಕೆಂಪು ಖಾರದ ಚಿಪ್ಸು, ನನ್ನ ಕೈ ಹೋಳಿಗೆ. ಹುಡುಗಿ ಸ್ಕೂಲಿಂದ ಬಂದಾಗ ಬಡಿಸೋ ಹಾಗೆ ಬಡಿಸಿದಳು. ಕಳಶದ ಮುಂದೆ ಬಟ್ಟೆ ಇಡೋದು ಇರುತ್ತಲ್ಲ, ತಾತನಿಗೆ ಹೊಸ ಪಂಚೆ ಇಟ್ವಿ. ದಿಯಾಗೆ ಏನು ಇಡೋದು ಅಂದಾಗ, ‘ನಾನು ತರ್ತೀನಿ’ ಅಂತ ಮೇಲೆ ಹೋದಳು.

ಎಲ್ಲರೂ ಹೊರಗೆ ಬಂದು, ಬಾಗಿಲು ಮುಚ್ಚಿ, ಅವರು ಉಣ್ಣಲಿ ಅಂತ ಗರಾಜಲ್ಲಿ ನಿಂತ್ವಿ. ಆಗ ಭಾನು ಪಿಸುಗುಟ್ಟಿದಳು: ‘ಅವ್ವ, ದಿಯಾ ಮುಂದೆ ಇಟ್ಟಿರೋದು ಹಳೇದು. ಬೂದು ಬಣ್ಣದ ಹುಡ್ಡಿ. ಆಗಬಹುದಾ?’

ಬೂದು ಹುಡ್ಡಿ, ಆ ಟೋಪಿ ಇರೋ ಸ್ವೆಟರು, ದಿಯಾದಲ್ಲ. ನಿಂದು. ಆ ಹುಡುಗಿ ಚಳಿಗಾಲ ಪೂರ್ತಿ ನಿನ್ನಿಂದ ಕಿತ್ಕೊಂಡು ಹಾಕ್ಕೊಳ್ತಿತ್ತು, ನೀನು ‘ಅಜ್ಜಿ, ಟೆಲ್ ಹರ್’ ಅಂತ ನನ್ನ ಹತ್ರ ದೂರು ತರ್ತಿದ್ದೆ. ಅದು ಬದುಕಿರೋನ ಬಟ್ಟೆ ಕಣೋ. ಬದುಕಿರೋನ ಬಟ್ಟೇನ ಎಡೆ ಮುಂದೆ!

ಹಿರಿಯರು ಉಣ್ಣೋವಾಗ ಬಾಗಿಲು ತೆಗೆಯಬಾರದು. ಮೂರು ಸಲ ತಟ್ಟಿ, ಆಮೇಲೆ ಹೋಗಬೇಕು. ನಾನು ತಟ್ಟಲಿಲ್ಲ. ನುಗ್ಗಿದೆ. ಎಡೆ ಮೇಲಿಂದ ದಾಟ್ಕೊಂಡು ಹೋಗಿ ಹುಡ್ಡಿ ಬಾಚ್ಕೊಂಡು ಹೊರಗೆ ಬಂದೆ. ನಿಮ್ಮ ತಾತ ನನ್ನ ಬಯ್ತಿದ್ರೆ ಬಯ್ಯಲಿ, ಅಲ್ಲಿ ಹೋದಾಗ ನೋಡ್ಕೋತೀನಿ.

ನಿಮ್ಮಮ್ಮ ಚೇತನಾ ಅಡ್ಡ ನಿಂತಳು. ‘ಅತ್ತೆ, ಅಲ್ಲೇ ಇಡಿ. ಅದು ಅವಳಿಗೆ ಇಷ್ಟ.’

‘ಇದು ಅವಳದ್ದಲ್ಲ ಕಣೆ. ಅನುಜಂದು.’

‘ಅವಳೇ ಹಾಕ್ಕೊಳ್ತಿದ್ದಳು.’

‘ಹಾಕ್ಕೊಳ್ಳಲಿ. ವಸ್ತು ಯಾರದ್ದು? ಅವನಿನ್ನೂ ಇದಾನೆ!’

ಅದಕ್ಕೆ ಅವಳು ನನ್ನ ಮುಖ ನೋಡಿ ಕೇಳಿದಳು. ಕೊಂಕಾಗಿ ಅಲ್ಲ, ನಿಜವಾಗ್ಲೂ ಗೊತ್ತಿಲ್ಲದೋರು ಕೇಳೋ ಹಾಗೆ: ‘ಇದಾನಾ, ಅತ್ತೆ?’

ಉತ್ತರ ಕೊಡೋಕೆ ನನ್ನ ಕೈಯಲ್ಲಿ ಏನಿತ್ತು ಹೇಳು? ಜುಲೈ ತಿಂಗಳ ಒಂದು ಕಾರ್ಡು.

ಆಮೇಲೆ ಅವಳು ನನ್ನ ಕೈಯಿಂದ ಹುಡ್ಡಿ ತಗೊಂಡು ಮುಖಕ್ಕೆ ಒತ್ಕೊಂಡಳು. ಯಾರ ವಾಸನೆ ಹುಡುಕಿದಳೋ. ಹಾಗೇ ಚಪ್ಪಲಿ ಗೂಡಿಗೂ ದೊಡ್ಡ ಫ್ರೀಜರಿಗೂ ಮಧ್ಯ ಕುಸಿದು ಕೂತಳು. ಒಂದೂವರೆ ವರ್ಷ ಅಳದೇ ಇದ್ದೋಳು, ಆ ಸಿಮೆಂಟ್ ನೆಲದ ಮೇಲೆ ಅತ್ತಳು. ಜಯಸಿಂಹ ಗರಾಜ್ ಬಾಗಿಲಿನ ಬಟನ್ ಒತ್ತಿ ಕೆಳಗಿಳಿಸಿದ, ಬೀದಿಗೆ ಕಾಣದಿರಲಿ ಅಂತ. ಆ ಬಾಗಿಲು ಇಳಿಯೋ ಸದ್ದಲ್ಲಿ ಅವಳು ಏನೋ ಅಂದಳು. ನಿನ್ನ ಹೆಸರೋ ದಿಯಾ ಹೆಸರೋ, ನನಗೆ ಸರಿಯಾಗಿ ಕೇಳಲಿಲ್ಲ. ನಿನ್ನದೇ ಅಂತ ಬರೆದುಬಿಡಬಹುದಿತ್ತು. ಬರೆಯಲ್ಲ.

ಎಡೆಗಿಟ್ಟ ಬಟ್ಟೇನ ಮನೆಯೋರು ಉಡಬೇಕು. ಉಟ್ಟರೇ ಅದಕ್ಕೆ ದೋಷ ಇಲ್ಲ, ಪೆಟ್ಟಿಗೇಲಿ ಇಟ್ರೆ ಇದೆ. ಅದಕ್ಕೆ ಹುಡ್ಡಿ ನಿನಗೆ ಕಳಿಸ್ತಿದೀನಿ. ಜೇಬು ಹರಿದಿತ್ತು, ನಿಮ್ಮಮ್ಮ ಹೊಲಿದಳು. ಪೋಸ್ಟಾಫೀಸಿಗೆ ಅವಳೇ ಡ್ರೈವ್ ಮಾಡ್ಕೊಂಡು ಹೋದಳು, ವಿಳಾಸ ಅವಳೇ ಬರೆದಳು. ‘ಒಳಗೆ ಒಂದು ಮಾತು ಬರೆದು ಹಾಕೆ’ ಅಂದೆ. ಪೆನ್ನು ಹಿಡ್ಕೊಂಡು ಬಹಳ ಹೊತ್ತು ನಿಂತಳು. ಹಿಂದೆ ಸಾಲು ಬೆಳೀತು. ಬರೆಯಲಿಲ್ಲ.

ಹಾಕ್ಕೊ. ಹಾಕ್ಕೊಂಡು, ಮುಖ ಕಾಣೋ ಹಾಗೆ ಫೋಟೋ ತೆಗೆಸಿ ಕಳಿಸು. ಕಲ್ಲು ಬೇಡ.

ಅಜ್ಜಿ


ನ್ಯೂರೆಂಬರ್ಗ್
17 ಅಕ್ಟೋಬರ್ 2025

ಅಜ್ಜಿ,

ಹುಡ್ಡಿ ಬಂತು. ಬಾಕ್ಸ್ ಮೇಲೆ ಅಮ್ಮನ ಹ್ಯಾಂಡ್‌ರೈಟಿಂಗ್ ನೋಡಿದೆ. ಬಾಕ್ಸ್ ಬಿಸಾಕಿಲ್ಲ.

ಹಾಕ್ಕೊಂಡಿಲ್ಲ. ಹಾಕ್ಕೊಳ್ಳೋಕೆ ಆಗಲ್ಲ. ಚೇರ್ ಮೇಲೆ ಇದೆ, ಯಾರೋ ಕೂತಿರೋ ಥರ.

ಈ ಊರು ಬಾಂಬ್ ಬಿದ್ದು ಪೂರ್ತಿ ಹೋಗಿತ್ತು ಅಜ್ಜಿ. ನಾನು ನೋಡಿದ ಹಳೇದ್ರಲ್ಲಿ ತುಂಬಾ, ಮತ್ತೆ ಕಟ್ಟಿದ್ದು. ಹಳೇ ಥರಾನೇ ಕಾಣುತ್ತೆ. ಅದಕ್ಕೆ ನನಗೆ ಕೋಪ ಬರುತ್ತೆ. ಯಾಕೆ ಅಂತ ಗೊತ್ತಿಲ್ಲ.

ನಿನ್ನ ಬಿಂದಿಗಳ ಜಾಗ ಹುಡುಕಿದೆ. ಒಂದು ಪಾರ್ಕಿಂಗ್. ಒಂದು ಬ್ಯಾಂಕ್. ಒಂದು ಯಾರದ್ದೋ ಮನೆ, ಅವರ ಬೆಲ್ ಒತ್ತಲಿಲ್ಲ. ಉಳಿದಿದ್ದಕ್ಕೆ ಹೋಗೋಕೆ ಶಕ್ತಿ ಇಲ್ಲ.

ದಿಯಾ ಪಿನ್ ಎರಡರಲ್ಲಿ ಒಂದು ನೋಡಿ ಆಯ್ತು. ಕೊನೇದು ಆಟಿಕೆ ಮ್ಯೂಸಿಯಂ. ನಾಳೆ ಹೋಗ್ತೀನಿ. ಆಮೇಲೆ ಮುಗೀತು.

ಅನುಜ್


ಪ್ಲೇನ್‌ಫೀಲ್ಡ್
3 ನವೆಂಬರ್ 2025

ಅನುಜಾ,

‘ನಾಳೆ’ ಅಂತ ಬರೆದಿದೀಯ. ಆ ನಾಳೆ ಕಳೆದು ಎಷ್ಟು ದಿನ ಆದ ಮೇಲೆ ಕಾರ್ಡು ನನ್ನ ಕೈಗೆ ಬಂತು! ನೀನು ಕೊನೇ ಪಿನ್ನಿನ ಜಾಗಕ್ಕೆ ಹೋಗೋ ಹೊತ್ತಿಗೆ ನಾನಿಲ್ಲಿ ಬದನೆಕಾಯಿ ಹೆಚ್ಚುತಾ ಇದ್ದಿರಬೇಕು, ಇಲ್ಲ ಟೀವಿ ಮುಂದೆ ತೂಕಡಿಸ್ತಾ. ಹಗ್ಗ ಇಷ್ಟು ಉದ್ದ ಆದ್ರೆ ಆ ತುದೀಲಿ ಭಾರ ಇದೆಯಾ ಇಲ್ವಾ ಅಂತ ಈ ಕೈಗೆ ಗೊತ್ತಾಗಲ್ಲ ಕಣೋ.

ಜಯಸಿಂಹ ಆಫೀಸಿಗೆ ಕೇಳಿದ. ರಜೆ ಹಾಕಿದಾನೆ ಅಂದರು. ಎಷ್ಟು ದಿನ, ಎಲ್ಲಿಗೆ ಅಂದ್ರೆ ಅವರಿಗೆ ಗೊತ್ತಿಲ್ಲ. ಯಾರನ್ನಾದ್ರೂ ರೂಮಿಗೆ ಕಳಿಸಿ ಅಂದ. ಹೋದೋನು ಬೆಲ್ ಒತ್ತಿದನಂತೆ, ಒಳಗೆ ದೀಪ ಇತ್ತಂತೆ, ಬಾಗಿಲು ತೆಗೆಯಲಿಲ್ಲವಂತೆ. ದೀಪ ಇತ್ತು ಅನ್ನೋದನ್ನ ನಾನು ಹಿಡ್ಕೊಂಡಿದೀನಿ. ಅದಕ್ಕಿಂತ ಹೆಚ್ಚು ನನ್ನ ಹತ್ರ ಏನೂ ಇಲ್ಲ.

ಬಯ್ಯೋಕೆ ಕೂತೆ, ಬಯ್ಗುಳ ಬರ್ತಿಲ್ಲ. ಇಷ್ಟು ವಯಸ್ಸಿಗೆ ಮೊದಲನೇ ಸಲ.

ಮತ್ತೆ ಕಟ್ಟಿದ ಊರು ನೋಡಿ ಕೋಪ ಬಂತು ಅಂದೆಯಲ್ಲ, ಅದು ನನಗೆ ಅರ್ಥವಾಯ್ತು. ನನಗೂ ಬರುತ್ತೆ. ಗರಾಜಲ್ಲಿ ಅತ್ತ ಮೇಲೆ ನಿಮ್ಮಮ್ಮ ಒಂದು ದಿನ ಪರದೆ ಸರಿಸಿ, ಕಿಟಕಿ ಒರೆಸಿದಳು. ‘ಯಾಕೆ ಒರೆಸ್ತೀಯ, ಯಾರು ಬರ್ತಾರೆ’ ಅಂತ ಜಗಳ ಆಡಿದೆ ನಾನು. ಮನೆ ಚೆನ್ನಾಗಿ ಕಂಡ್ರೆ ಹುಡುಗಿ ಹೋಗಿದ್ದು ಸುಳ್ಳಾಗುತ್ತೇನೋ ಅನ್ನಿಸ್ತು. ಆ ಊರಿನೋರಿಗೂ ಅನ್ನಿಸಿರಬೇಕು. ಆದ್ರೂ ಕಟ್ಟಿದಾರೆ. ಸರಿಯಾಗಿ ಮಾಡಿದರೋ ತಪ್ಪು ಮಾಡಿದರೋ, ನಾಲ್ಕನೇ ಕ್ಲಾಸು ಓದಿದ ನನಗೆ ಗೊತ್ತಿಲ್ಲ. ಸಮಾಧಾನಕ್ಕೆ ಏನೋ ಒಂದು ಹೇಳಿಬಿಡೋ ಜಾತಿ ನಂದಲ್ಲ, ನಿನಗೆ ಗೊತ್ತಲ್ಲ.

ನಿನ್ನೆ ಆದದ್ದು ಹೇಳ್ತೀನಿ. ದಿಯಾ ರೂಮಿಂದ ಚೇತನಾ ಕೂಗಿದಳು. ಅವಳು ಆ ರೂಮಿಗೆ ಹೋಗ್ತಾಳೆ ಅಂತಾನೇ ನನಗೆ ಗೊತ್ತಿರಲಿಲ್ಲ.

‘ಅತ್ತೆ! ನನ್ನ ಬಿಂದಿನೆಲ್ಲ ಇಲ್ಲಿ ಅಂಟಿಸಿದ್ದು ನೀವಾ?’

‘ಹೂಂ, ನಾನೇ. ಏನೀಗ?’

‘ದಿಯಾ ಮ್ಯಾಪ್ ಇದು. ಹಾಳು ಮಾಡಿಬಿಟ್ರಲ್ಲ! ಯಾಕೆ?’

‘ಅವನಿಗೆ ನೋಡೋಕೆ ಜಾಗ ಉಳೀಲಿ ಅಂತ.’

ಮೊದಲು ಅರ್ಥವಾಗಲಿಲ್ಲ ಅವಳಿಗೆ. ಒಂದೇ ಪಿನ್ನು ಉಳಿದಿದ್ದ ಆ ಕಾಗದಾನ ನೋಡಿದಳು, ತೂತುಗಳನ್ನ ಬೆರಳಲ್ಲಿ ಮುಟ್ಟಿದಳು. ನಿನ್ನ ಕೊನೇ ಕಾರ್ಡು ನನ್ನ ಮಡಿಲಲ್ಲಿತ್ತು, ಕೊಟ್ಟೆ. ‘ಆಮೇಲೆ ಮುಗೀತು’ ಅನ್ನೋ ಕಡೆ ಅವಳ ಕಣ್ಣು ನಿಂತಿತು. ಆಗ ಅರ್ಥವಾಯ್ತು.

ತನ್ನ ಹಣೆ ಮೇಲಿದ್ದ ಬಿಂದಿ ಕಿತ್ತಳು. ನಕ್ಷೆಯ ಹತ್ರ ಹೋಗಿ, ಕನ್ನಡಕ ಏರಿಸಿ, ನನ್ನ ಹಾಗೆ ಕುರುಡುಕುರುಡಾಗಿ ಅಲ್ಲ, ಹುಡುಕಿ, ಓದಿ, ಒಂದು ಕಡೆ ಅಂಟಿಸಿದಳು. ಹೆಬ್ಬೆರಳಲ್ಲಿ ಒತ್ತಿ ಹಿಡಿದಳು. ಆಮೇಲೆ ಬರಿ ಹಣೇಲಿ ಕೆಳಗಿಳಿದು ಹೋಗಿ ಜಯಸಿಂಹನ ಹತ್ರ ‘ನನ್ನ ಪಾಸ್‌ಪೋರ್ಟ್ ಎಲ್ಲಿದೆ?’ ಅಂದಳು.

ಅದು ಯಾವ ಜಾಗ ಅಂತ ಆಮೇಲೆ ನಿಮ್ಮಪ್ಪನನ್ನ ಕೇಳಿದೆ. ರೈಲ್ವೆ ಸ್ಟೇಷನ್ ಅಂತೆ.

ಅವಳು ಬರ್ತೀನಿ ಅಂತ ಹೇಳಿಲ್ಲ. ಯಾವತ್ತು ಅಂತಾನೂ ಹೇಳಿಲ್ಲ. ಬಂದ್ರೆ ನಿನಗೆ ಏನಂತಾಳೋ ಅದೂ ಗೊತ್ತಿಲ್ಲ. ಆಸ್ಪತ್ರೇಲಿ ಅಂದಿದ್ದನ್ನೇ ಮತ್ತೆ ಅನ್ನಬಹುದು. ನೀನು ‘ಬಂದ್ರೆ ಹೋಗಿಬಿಡ್ತೀನಿ’ ಅಂತ ಇನ್ನೊಂದು ಸಲ ಮೆಸೇಜು ಹಾಕಿದ್ರೆ ಆ ಪಾಸ್‌ಪೋರ್ಟ್ ಮತ್ತೆ ಬೀರು ಸೇರುತ್ತೆ, ಅವಳು ಇನ್ನು ಈ ಜನ್ಮದಲ್ಲಿ ಬಾಯಿ ತೆಗೆಯಲ್ಲ. ನಾನು ನಿನಗೆ ಆಸೆ ತೋರಿಸ್ತಿಲ್ಲ. ಕಂಡಿದ್ದಷ್ಟೇ ಬರೀತಿದೀನಿ.

ಈಗ ಕೆಲಸ ಕೇಳು. ಎದ್ದು ಬಾಗಿಲು ತೆಗಿ. ಹುಡ್ಡಿ ಹಾಕ್ಕೊ, ಆಗಲ್ಲ ಅಂದ್ರೆ ಹೆಗಲ ಮೇಲಾದ್ರೂ ಹಾಕ್ಕೊ, ಅಲ್ಲಿ ಈಗ ಚಳಿ. ಕೋಟೆ ಕಡೆ ತಿರುಗಬೇಡ, ನೇರ ಆ ಸ್ಟೇಷನ್ನಿಗೆ ಹೋಗು. ಒಳಗೆ ನಿಂತು ನೋಡು. ಮಂಡಿ ನೋವಿರೋ ಹೆಂಗಸು ರೈಲಿಂದ ಇಳಿದು ಬಂದ್ರೆ ಮೆಟ್ಟಿಲು ಹತ್ತಬೇಕಾ, ಇಲ್ಲ ತಾನಾಗಿ ಚಲಿಸೋದು ಇದೆಯಾ? ಯಾವ ಬಾಗಿಲಿಂದ ಹೊರಗೆ ಬರ್ತಾರೆ? ಬಂದೋರು ಗಾಬರಿ ಆಗದ ಹಾಗೆ, ಕಾಯೋನು ಎಲ್ಲಿ ನಿಂತ್ರೆ ಮೊದಲು ಕಾಣ್ತಾನೆ? ಈ ಪ್ರಶ್ನೆಗಳು ಸುಳ್ಳು ಪ್ರಶ್ನೆ ಅಲ್ಲ. ಒಲೆ ವಿಚಾರ ಬೇರೆ, ಇದು ಬೇರೆ. ನಿಮ್ಮಮ್ಮನ ಮಂಡಿ ಆ ಗರಾಜ್ ದಿನದಿಂದ ನೆಟ್ಟಗಿಲ್ಲ.

ಕಾರ್ಡಲ್ಲಿ ಸಾಕಾಗಲ್ಲ, ಕಾಗದದಲ್ಲಿ ಬರಿ. ಡಿಸೆಂಬರ್ ಹುಟ್ಟೋದ್ರೊಳಗೆ ಉತ್ತರ ನನ್ನ ಕೈ ಸೇರಬೇಕು. ಕೇಳಿಸ್ತಾ, ಅನುಜಾ? ಡಿಸೆಂಬರ್ ಹುಟ್ಟೋದ್ರೊಳಗೆ ಬರಿ.

ನಿನ್ನ ಅಜ್ಜಿ
ಸಣ್ಣತಾಯಮ್ಮ